ಬ್ಯಾಟರಿಯ ಮೇಲೆ ನೂರೈವತ್ತು ವಾಕ್ಯ

ದಿನಕ್ಕೆ ಹನ್ನೊಂದು ವಾಕ್ಯ ಓದಿದರೆ ಎರಡು ವಾರದಲ್ಲಿ ನೂರೈವತ್ತೂ ಮುಗಿಯುತ್ತವೆ ಎಂದು ಅಕ್ಕತಂಗಿಯರು ಲೆಕ್ಕ ಹಾಕಿಟ್ಟುಕೊಂಡಿದ್ದರು. ಅಕ್ಕನ ಗಂಟಲು ಅಷ್ಟಕ್ಕೇ ದಣಿಯುತ್ತಿತ್ತು. ಆಪರೇಷನ್ನಿಗೂ ಸರಿಯಾಗಿ ಎರಡು ವಾರವಿತ್ತು. ನಾಲ್ಕು ದಿನ ಎಣಿಸಿದಂತೆಯೇ ನಡೆಯಿತು. ನಾಲ್ಕನೆಯ ದಿನ ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಬೇರೊಬ್ಬ ರೋಗಿಗೆ ಜ್ವರ ಬಂದು ಅವರ ಆಪರೇಷನ್ ಮುಂದಕ್ಕೆ ಹೋಗಿದೆ, ಆ ಜಾಗ ಖಾಲಿಯಿದೆ, ನಿಮ್ಮ ಗಡ್ಡೆ ಕಾಯುವಂಥದ್ದಲ್ಲ, ನಾಳೆ ಬೆಳಿಗ್ಗೆಯೇ ಬಂದು ಸೇರಿಕೊಳ್ಳಿ, ಹನ್ನೆರಡೂವರೆಗೆ ಒಳಗೆ ಕರೆದುಕೊಳ್ಳುತ್ತೇವೆ ಎಂದರು. ಫೋನಿಟ್ಟು ಅಕ್ಕ ಗೋಡೆ ನೋಡುತ್ತ ಕೂತುಬಿಟ್ಟಳು. ತಂಗಿಯ ತಲೆಯಲ್ಲಿ ಮಾತ್ರ ನಲವತ್ತನಾಲ್ಕು ಆಗಿದೆ, ನೂರಾ ಆರು ಬಾಕಿ ಎಂಬುದೊಂದೇ ಗುಂಯ್‌ಗುಡತೊಡಗಿತು. ಈಗಲೇ ಕೂರಿಸಿ ಓದಿಸೋಣವೆಂದರೆ ಆ ದಿನದ ಹನ್ನೊಂದಕ್ಕೇ ಅಕ್ಕನ ಗಂಟಲು ಕಟ್ಟಿಹೋಗಿ ಪಿಸುಮಾತಿನಷ್ಟೂ ದನಿ ಹೊರಡುತ್ತಿರಲಿಲ್ಲ.

ಅಕ್ಕ ಕಾರು ಓಡಿಸುವುದನ್ನು ಕಲಿಸುವವಳು. ಹದಿನೇಳು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲ ಕೆಳಗೆ ತನ್ನದೇ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂತವಳು. ಹೊಸಬರ ಕಣ್ಣು ರಸ್ತೆಗೆ ಅಂಟಿರುತ್ತದೆ, ಕೈ ಸ್ಟಿಯರಿಂಗಿಗೆ ಅಂಟಿರುತ್ತದೆ, ಬಿಡುವಾಗಿರುವುದು ಕಿವಿಯೊಂದೇ. ಆ ಕಿವಿಗೆ ಬೀಳುವ ದನಿ ಗಾಬರಿ ಹುಟ್ಟಿಸಬಾರದು, ಹಾಗಂತ ಮೆತ್ತಗೂ ಇರಬಾರದು. ಅಕ್ಕನದು ಅಂಥ ದನಿ. ಅವಳು ಎಡಕ್ಕೆ ಎಂದರೆ ಎಂಥ ಹೆದರುಪುಕ್ಕಲನೂ ಎಡಕ್ಕೇ ತಿರುಗುತ್ತಿದ್ದ. ಈಗ ಅದೇ ದನಿಯ ಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿತ್ತು. ಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಮಾತಿನ ತರಬೇತಿ ಕೊಡುವ ಹೆಂಗಸೊಬ್ಬಳು ಆ ಆಸ್ಪತ್ರೆಯಲ್ಲಿದ್ದಳು. ಅವಳು ಒಂದು ಪ್ರೋಗ್ರಾಂ ಕೊಟ್ಟಿದ್ದಳು. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಸದ್ದಿಲ್ಲದ ಕಡೆ ಕೂತು ಅದು ತೋರಿಸುವ ನೂರೈವತ್ತು ವಾಕ್ಯ ಓದಬೇಕು. ಪ್ರತಿ ವಾಕ್ಯವನ್ನೂ ಅದು ಪರೀಕ್ಷಿಸಿ, ಸರಿಯಿದ್ದರೆ ಹಸಿರು ಗುರುತು ಹಾಕಿ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಮತ್ತೆ ಓದಿಸುತ್ತದೆ. ನೂರೈವತ್ತೂ ಸೇರಿದರೆ ಅವಳದೇ ದನಿಯಂಥ ದನಿ ತಯಾರಾಗುತ್ತದೆ. ಆಮೇಲೆ ಏನು ಟೈಪ್ ಮಾಡಿದರೂ ಆ ದನಿ ಮಾತಾಡುತ್ತದೆ. ಒಂದು ಕಮ್ಮಿಯಾದರೂ ಆಗುವುದಿಲ್ಲ, ಮೊಬೈಲಿನಲ್ಲಿ ಹಿಡಿದದ್ದನ್ನು ಅದು ತೆಗೆದುಕೊಳ್ಳುವುದಿಲ್ಲ ಎಂದು ಅವಳು ಎರಡೆರಡು ಸಲ ಎಚ್ಚರಿಸಿದ್ದಳು. ವಾಕ್ಯಗಳೋ ತಲೆಬುಡವಿಲ್ಲದವು. "ನಿಮ್ಮ ಅಜ್ಜನ ಟೋಪಿ ಬಾವಿಗೆ ಬಿತ್ತೇ" ಎನ್ನುವುದನ್ನು ಓದಿದ ದಿನ, ಇದನ್ನು ಬರೆದವನಿಗೆ ಜನ್ಮದಲ್ಲಿ ಲೈಸೆನ್ಸ್ ಕೊಡಬಾರದು ಎಂದು ಅಕ್ಕ ನಕ್ಕಿದ್ದಳು.

ಲ್ಯಾಪ್‌ಟಾಪ್ ತಂಗಿಯದು. ಅವಳು ಬೀರು, ಅಡುಗೆಮನೆಯ ಕಪಾಟುಗಳ ನಕ್ಷೆ ಬರೆಯುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಏಳು ವರ್ಷದ ಹಳೆಯ ಯಂತ್ರ, ಕೆಲಸದ ಮೇಜಿನ ಮೇಲೆ ಸದಾ ವೈರು ಚುಚ್ಚಿಕೊಂಡೇ ಇರುತ್ತಿದ್ದುದರಿಂದ ಅದರ ಬ್ಯಾಟರಿ ಹೇಗಿದೆಯೆಂದು ಅವಳು ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ.

ಮರುದಿನ ಆಸ್ಪತ್ರೆ ಸೇರಿ, ಕಾಗದಪತ್ರ ಮುಗಿದು, ಅಕ್ಕನ ಕೈಗೆ ಡ್ರಿಪ್ಪಿನ ಸೂಜಿ ಚುಚ್ಚುವ ಹೊತ್ತಿಗೆ ಒಂಬತ್ತೂವರೆ. ಬಾವ ರಕ್ತ ಹೊಂದಿಸಲು ರಕ್ತನಿಧಿಯ ಮುಂದೆ ಸಾಲಿನಲ್ಲಿ ನಿಂತಿದ್ದ. ಮಾತಿನ ಹೆಂಗಸು ಅವತ್ತೇ ರಜೆ ಹಾಕಿದ್ದಳು, ಫೋನೂ ಎತ್ತಲಿಲ್ಲ. ವಾರ್ಡಿನಲ್ಲಿ ಕೂತು ಓದಿದ ಮೊದಲ ವಾಕ್ಯಕ್ಕೇ ಕೆಂಪು ಗುರುತು ಬಿತ್ತು. ಎರಡನೆಯದಕ್ಕೂ ಅಷ್ಟೇ. ಅಕ್ಕಪಕ್ಕದ ಯಂತ್ರಗಳು ಬೀಪ್ ಬೀಪ್ ಎನ್ನುತ್ತಿದ್ದವು, ಯಾರೋ ಕೆಮ್ಮುತ್ತಿದ್ದರು, ಪಾತ್ರೆ ಬಿದ್ದ ಸದ್ದು. ತಂಗಿ ವಾರ್ಡಿನ ಹಿರಿಯ ನರ್ಸ್ ಹತ್ತಿರ ಹೋಗಿ ವಿಷಯ ಹೇಳಿದಳು. ಆಕೆ ಸಿಡುಕಿನವಳಂತೆ ಕಂಡರೂ ಪೂರ್ತಿ ಕೇಳಿ, ಕಾರಿಡಾರಿನ ಕೊನೆಯ ಬಟ್ಟೆಕೋಣೆಯ ಬೀಗ ತೆಗೆದುಕೊಟ್ಟಳು. ಅಕ್ಕ ಈ ಮಹಡಿ ಬಿಟ್ಟು ಕದಲಬಾರದು ಎಂದೂ ಹೇಳಿದಳು.

ಆರಡಿಗೆ ಎಂಟಡಿಯ ಕೋಣೆ. ಮೂರು ಗೋಡೆಗೂ ಸೂರಿನ ತನಕ ಒಗೆದ ಚಾದರ, ಕಂಬಳಿ, ನಿಲುವಂಗಿಗಳನ್ನು ಒಂದರ ಮೇಲೊಂದು ಪೇರಿಸಿದ ಥಾಕು. ಬಾಗಿಲು ಹಾಕಿದರೆ ಹೊರಗಿನ ಸದ್ದೆಲ್ಲ ಆ ಬಟ್ಟೆಗಳಲ್ಲೇ ಇಂಗಿಹೋಗುತ್ತಿತ್ತು. ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ತಂಗಿ ಮುಂದಿದ್ದ ಗಿಡ್ಡನೆಯ ಚಾದರದ ಥಾಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಚಾರ್ಜರ್ ಕೈಯಲ್ಲಿ ಹಿಡಿದು ಸುತ್ತ ನೋಡಿದಳು. ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಕಂಬಳಿ ಸರಿಸಿ ಹಿಂದೆ ನೋಡಿದಳು, ಬಗ್ಗಿ ಕೆಳಗೆ ನೋಡಿದಳು. ಇದ್ದದ್ದು ದೀಪದ ಸ್ವಿಚ್ ಒಂದೇ. ಹೋಗಲಿ, ಬ್ಯಾಟರಿ ತುಂಬಿದೆ, ಮೂರು ಗಂಟೆಗೆ ಧಾರಾಳ ಸಾಕು ಎಂದುಕೊಂಡಳು.

ಅಕ್ಕ ಓದಿದಳು. ಪರದೆಯ ಮೇಲೆ ಪುಟ್ಟ ಚಕ್ರ ತಿರುಗತೊಡಗಿತು. ಮನೆಯಲ್ಲಿ ಇದೇ ಚಕ್ರ ನಾಲ್ಕು ಸೆಕೆಂಡಿನಲ್ಲಿ ನಿಂತು ಹಸಿರು ಗುರುತು ಬೀಳುತ್ತಿತ್ತು. ಈಗ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಗುರುತು ಬೀಳುವ ಹೊತ್ತಿಗೆ ಎರಡು ನಿಮಿಷ. ಎರಡನೆಯ ವಾಕ್ಯಕ್ಕೂ ಎರಡು ನಿಮಿಷ. ತಂಗಿ ಬೇರೆಲ್ಲವನ್ನೂ ಮುಚ್ಚಿದಳು. ಬ್ಯಾಟರಿಯ ಗುರುತು ಒತ್ತಿ ಪೂರ್ತಿ ವೇಗ ಎಂದು ಇದ್ದ ಕಡೆಗೆ ಎಳೆದಿಟ್ಟಳು. ಯಂತ್ರ ಹೂಂ ಎಂದಿತೇ ಹೊರತು ಒಂದು ಗುಲಗಂಜಿಯಷ್ಟೂ ಚುರುಕಾಗಲಿಲ್ಲ. ಗಂಟೆ ಒಂಬತ್ತೂ ಮುಕ್ಕಾಲು. ಹನ್ನೆರಡೂವರೆಗೆ ಇನ್ನು ನೂರಾ ಅರವತ್ತೈದು ನಿಮಿಷ. ಎರಡೆರಡು ನಿಮಿಷದಂತೆ ಎಣಿಸಿದರೆ ಎಂಬತ್ತೆರಡು ವಾಕ್ಯ. ಬೇಕಾದದ್ದು ನೂರಾ ನಾಲ್ಕು. ಅವಳು ಬೆರಳಲ್ಲಿ ಎಣಿಸಿದಳು, ಮನಸ್ಸಿನಲ್ಲಿ ಎಣಿಸಿದಳು, ಹೇಗೆ ಎಣಿಸಿದರೂ ಅಷ್ಟೇ ಬರುತ್ತಿತ್ತು. ಅಕ್ಕನಿಗೆ ಹೇಳಲಿಲ್ಲ. ಅಕ್ಕನೂ ಕೇಳಲಿಲ್ಲ. ಆದರೆ ಚಕ್ರ ತಿರುಗುವಾಗಲೆಲ್ಲ ಇಬ್ಬರೂ ಅದನ್ನೇ ನುಂಗುವಂತೆ ನೋಡುತ್ತಿದ್ದರು.

ಹತ್ತೂವರೆಗೆ ಒಟ್ಟು ಅರವತ್ತೈದು ಆಗಿತ್ತು. ಈಗ ಬರ್ತೀನಿ ಎಂದು ತಂಗಿ ಎದ್ದಳು. ಎಕ್ಸ್‌ಟೆನ್ಶನ್ ವೈರು ಸಿಗುತ್ತದೆಯೇ ಎಂದು ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನ್ನು ಹುಡುಕಿ ಕೇಳಿದಳು. ಕಾರಿಡಾರಿನಲ್ಲಿ ಸ್ಟ್ರೆಚರ್ ಓಡಾಡುತ್ತವೆ, ಅಲ್ಲಿ ವೈರು ಎಳೆಯುವ ಹಾಗಿಲ್ಲ, ಯಾರು ಕೇಳಿದರೂ ಇಲ್ಲ ಎಂದು ಆತ ಕಡ್ಡಿ ಮುರಿದಂತೆ ಹೇಳಿ ಏಣಿ ಹತ್ತಿಬಿಟ್ಟ. ಅವಳು ವಾಪಸು ಬರುವ ದಾರಿಯಲ್ಲಿ ಕಾಯುವವರ ಹಾಲ್ ಇತ್ತು. ಅಲ್ಲಿನ ಟಿವಿಗೆ ಉದ್ದನೆಯ ವೈರಿನ ಎಕ್ಸ್‌ಟೆನ್ಶನ್ ಬೋರ್ಡ್ ಇತ್ತು. ಹತ್ತಿಪ್ಪತ್ತು ಜನ ನೋಡುತ್ತಿದ್ದಂತೆಯೇ ಅವಳು ಟಿವಿಯನ್ನು ಆರಿಸಿ, ಬೋರ್ಡ್ ಕಿತ್ತು, ವೈರು ಸುತ್ತಿಕೊಂಡು ನಡೆದಳು. ರಿಪೇರಿಯವಳು ಇರಬೇಕೆಂದು ಯಾರೂ ಉಸಿರೆತ್ತಲಿಲ್ಲ. ಹುಟ್ಟಿದಾಗಿನಿಂದ ಇನ್ನೊಬ್ಬರ ಒಂದು ಪೆನ್ಸಿಲ್ ಕದ್ದವಳಲ್ಲ.

ಕಾರಿಡಾರಿನ ಪ್ಲಗ್ ಪಾಯಿಂಟ್ ಬಟ್ಟೆಕೋಣೆಯ ಬಾಗಿಲಿನ ಎದುರು ಗೋಡೆಯಲ್ಲಿತ್ತು. ವೈರು ಅಡ್ಡವಾಗಿಯೇ ಹಾಯಬೇಕಿತ್ತು. ಅವಳು ಅದನ್ನು ನೆಲಕ್ಕೆ ಒತ್ತಿ, ಮೇಲೊಂದು ಚಾದರ ಹಾಸಿ, ಬಾಗಿಲ ಸಂದಿಯಲ್ಲಿ ಒಳಗೆಳೆದು ಚಾರ್ಜರ್ ಚುಚ್ಚಿದಳು. ಲ್ಯಾಪ್‌ಟಾಪಿನ ಫ್ಯಾನು ಗರ್ರೆಂದು ತಿರುಗಿತು. ಅಕ್ಕ ಓದಿದಳು, ಹಸಿರು ಬಿತ್ತು. ಓದಿದಳು, ಬಿತ್ತು. ಹತ್ತು ನಿಮಿಷದಲ್ಲಿ ಇಪ್ಪತ್ತೈದು. ಅಕ್ಕ ನಡುವೆ ನೀರು ಕುಡಿಯಲೂ ನಿಲ್ಲಲಿಲ್ಲ. ತೊಂಬತ್ತನೆಯದಕ್ಕೆ ಹಸಿರು ಬಿದ್ದ ಮರುಕ್ಷಣವೇ ಹೊರಗೆ ಏನೋ ದಡಬಡ ಎಂದಿತು. ವೈರು ಸೆಟೆದು ನಿಂತಿತು, ಲ್ಯಾಪ್‌ಟಾಪ್ ಥಾಕಿನಿಂದ ಹಾರಿ ಕೆಳಗಿದ್ದ ಕಂಬಳಿಗಳ ಮೇಲೆ ಬಿತ್ತು. ಬಾಗಿಲಾಚೆ ಗಂಡಸೊಬ್ಬ ನೋವಿನಿಂದ ನರಳಿದ.

ತಂಗಿ ಬಾಗಿಲು ತೆರೆದಳು. ಆಪರೇಷನ್ ಮುಗಿಸಿ ತರುತ್ತಿದ್ದ ರೋಗಿಯ ಸ್ಟ್ರೆಚರ್. ಮುಂದಿನ ಗಾಲಿಗೆ ಚಾದರವೂ ವೈರೂ ಸುತ್ತಿಕೊಂಡು ಸ್ಟ್ರೆಚರ್ ಗಕ್ಕನೆ ನಿಂತು, ಮುದುಕರೊಬ್ಬರು ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಸ್ಟ್ರೆಚರ್ ತಳ್ಳುತ್ತಿದ್ದವನು ಮೊಣಕಾಲೂರಿ ಗಾಲಿ ಬಿಡಿಸುತ್ತಿದ್ದ. ಹಿರಿಯ ನರ್ಸ್ ಓಡಿಬಂದು ಮುದುಕರ ಹೊಲಿಗೆ ನೋಡಿದಳು. ಬಿಚ್ಚಿರಲಿಲ್ಲ. ಆಮೇಲೆ ತಂಗಿಯ ಕಡೆ ತಿರುಗಿದಳು. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ಮೆಲ್ಲಗೆ, "ನಿಮ್ಮಕ್ಕನ್ನೂ ಇನ್ನು ಸ್ವಲ್ಪ ಹೊತ್ತಿಗೆ ಇದೇ ದಾರೀಲಿ ತರ್ತಾರಮ್ಮ" ಎಂದು ಹೇಳಿ ವೈರು ಸುತ್ತಿಕೊಂಡು ಹೋದಳು. ತಂಗಿ ನೆಲ ಸೀಳಿ ಬಾಯಿಬಿಟ್ಟರೆ ಸಾಕು ಎಂಬಂತೆ ನಿಂತಿದ್ದಳು. ಮುದುಕರ ಹತ್ತಿರ ಕೈಮುಗಿದು ತಪ್ಪಾಯಿತೆಂದಳು. ಅವರಿಗೆ ಮಂಪರಿನಲ್ಲಿ ಅವಳು ಯಾರೆಂದೇ ತಿಳಿಯಲಿಲ್ಲ.

ಒಳಗೆ ಬಂದು ನೋಡಿದರೆ ಲ್ಯಾಪ್‌ಟಾಪ್ ಬದುಕಿತ್ತು. ಆದರೆ ಚಾರ್ಜರಿನ ಪಿನ್ನು ಒಳಗೇ ಮುರಿದು ಕೂತಿತ್ತು. ಇನ್ನು ಎಲ್ಲಿ ಪ್ಲಗ್ ಸಿಕ್ಕರೂ ಪ್ರಯೋಜನವಿರಲಿಲ್ಲ. ಉಗುರಿನಿಂದ ಎಬ್ಬಿದಳು, ತಲೆಯ ಪಿನ್ನಿನಿಂದ ಎಬ್ಬಿದಳು, ಬೆರಳಿಗೆ ರಕ್ತ ಬಂತೇ ಹೊರತು ಅದು ಮಿಸುಕಲಿಲ್ಲ. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು. ಅರವತ್ತು ಬಾಕಿ. ಗಂಟೆ ಹನ್ನೊಂದಾಗಿತ್ತು.

ತಂಗಿ ತನ್ನ ಕಂಪನಿಯ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದಳು. ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತಿದ್ದುದರಿಂದ ಆಫೀಸಿಗೆಲ್ಲ ಅವನು ಸ್ಕ್ರೂ ಮಾವ. ಅವಳು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಆತ ಸಮಾಧಾನವಾಗಿ ಕೇಳಿದ.

"ಅದು ಕೆಟ್ಟಿಲ್ಲಮ್ಮ. ಕರೆಂಟ್ ಮೇಲಿದ್ದಾಗ ಪ್ರೊಸೆಸರ್ ಓಡುತ್ತೆ, ಬ್ಯಾಟರಿಗೆ ಬಂದ್ರೆ ನಡೆಯುತ್ತೆ. ನಿಂದು ಹಳೇ ಬ್ಯಾಟರಿ, ಅದಕ್ಕೇ ಅಂಬೆಗಾಲು ಇಡ್ತಿದೆ. ಒಂದೇ ಸಲಕ್ಕೆ ಜಾಸ್ತಿ ಎಳೆದ್ರೆ ಬ್ಯಾಟರಿ ಕೈ ಎತ್ತಿಬಿಡುತ್ತೆ ಅಂತ ಯಂತ್ರಕ್ಕೇ ಗೊತ್ತು. ನೀನು ಪರದೆ ಮೇಲೆ ಏನು ಎಳೆದ್ರೂ ಅದು ಕೇಳಲ್ಲ."

ಆ ಕಟ್ಟು ಬಿಚ್ಚಲು ದಾರಿಯೇ ಇಲ್ಲವೇ ಎಂದು ಕೇಳಿದಳು. ಇದೆ, ಆರಿಸಿ ಮತ್ತೆ ಹಚ್ಚುವಾಗ ಒಂದು ಕೀಲಿ ಒತ್ತಿಹಿಡಿದರೆ ಒಳಗಿನ ಪುಟ ತೆರೆಯುತ್ತದೆ, ಅಲ್ಲಿ ತೆಗೆದುಹಾಕಬಹುದು. ಆದರೆ ನಡುವೆ ಯಾವಾಗ ಬೇಕಾದರೂ ಧಡಕ್ಕನೆ ಆರಿಹೋಗಬಹುದು, ಆರಿದ ಮೇಲೆ ಏಳದೆಯೂ ಇರಬಹುದು, ಆ ಜವಾಬ್ದಾರಿ ತನ್ನದಲ್ಲ ಎಂದ. ತಂಗಿ ಫೋನು ಹಿಡಿದುಕೊಂಡೇ ಅಕ್ಕನಿಗೆ ಎರಡನ್ನೂ ಹೇಳಿದಳು. ಹೀಗೇ ತೆವಳಿದರೆ ಖಂಡಿತ ಮುಗಿಯುವುದಿಲ್ಲ. ಕಟ್ಟು ಬಿಚ್ಚಿದರೆ ಮುಗಿಯಲೂಬಹುದು, ಎಲ್ಲವೂ ಕೈಬಿಟ್ಟು ಹೋಗಲೂಬಹುದು. ಅಕ್ಕ ಡ್ರಿಪ್ಪಿನ ಕಂಬಕ್ಕೆ ಒರಗಿದಳು.

"ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಬೇಡಿ ಅಂತ ಹದಿನೇಳು ವರ್ಷ ಬಡ್ಕೊಂಡಿದೀನಿ," ಎಂದಳು. ದನಿ ಆಗಲೇ ಮರಳು ಕಾಗದದಂತಾಗಿತ್ತು. "ಇವತ್ತು ಹಾಕು."

ಸ್ಕ್ರೂ ಮಾವ ಹೇಳುತ್ತ ಹೋದ, ತಂಗಿ ಒತ್ತುತ್ತ ಹೋದಳು. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಆ ಪುಟ ತೆರೆಯಿತು. ಮತ್ತೆ ಓದಲು ಕೂತಾಗ ಹನ್ನೊಂದೂವರೆ. ಈ ಸಲ ಚಕ್ರ ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ತಂಗಿ ಎಣಿಸುತ್ತಿದ್ದಳು. ಲ್ಯಾಪ್‌ಟಾಪಿನ ತಳ ಕೈಯಿಡಲಾರದಷ್ಟು ಕಾದಿತ್ತು. ಬ್ಯಾಟರಿಯ ಅಂಕಿ ಅರವತ್ತು ಎನ್ನುತ್ತಿದ್ದದ್ದು ಒಮ್ಮೆಗೇ ನಲವತ್ತೊಂದಕ್ಕೆ ಜಾರಿತು. ಅಕ್ಕನ ದನಿ ಒಡೆದು ಕೆಂಪು ಬೀಳುತ್ತಿತ್ತು. ಅವಳು ಉಗುಳು ನುಂಗಿ, ಬೆನ್ನು ನೆಟ್ಟಗೆ ಮಾಡಿ, ಮತ್ತೆ ಓದಿ ಹಸಿರು ಮಾಡಿಸುತ್ತಿದ್ದಳು. ನೂರಾ ಹತ್ತು. ನೂರಾ ಇಪ್ಪತ್ತು. ಮುಗಿದೇಹೋಗುತ್ತದೆ ಎಂದು ತಂಗಿಗೆ ಮೊದಲ ಸಲ ಅನ್ನಿಸಿತು. ನೂರಾ ಮೂವತ್ತೊಂದಕ್ಕೆ ಹಸಿರು ಬಿದ್ದು, ಮುಂದಿನ ವಾಕ್ಯ ಮೂಡುವ ಮೊದಲೇ ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

ಅವಳು ಗುಂಡಿ ಒತ್ತಿದಳು. ಬೆಳಕು ಮಿಂಚಿ ಹೋಯಿತು. ಮತ್ತೆ ಒತ್ತಿದಳು. ಈ ಸಲ ಮಿಂಚಲೂ ಇಲ್ಲ. ತಣ್ಣಗಾಗಲಿ ಎಂದು ಗಾಳಿ ಬೀಸಿದಳು, ತಲೆಕೆಳಗು ಮಾಡಿದಳು, ಎದೆಗೊತ್ತಿಕೊಂಡು ಒತ್ತಿದಳು. ಹತ್ತು ನಿಮಿಷ ಹೀಗೇ ಹೋಯಿತು. ಹತ್ತೊಂಬತ್ತು ವಾಕ್ಯ. ಎಂಟು-ಹತ್ತು ನಿಮಿಷದ ಕೆಲಸ. ಕೊನೆಗೆ ಲ್ಯಾಪ್‌ಟಾಪನ್ನು ಕಂಬಳಿಯ ಮೇಲಿಟ್ಟು, ಚಾದರದ ಥಾಕಿಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲ ತನ್ನಿಂದಲೇ ಆಯಿತು, ಹಳೆಯ ಡಬ್ಬ ನಂಬಿಕೊಂಡು ಬಂದೆ, ಆ ವೈರು ಎಳೆಯದಿದ್ದರೆ ಪಿನ್ನಾದರೂ ಉಳಿಯುತ್ತಿತ್ತು ಎಂದು ಏನೇನೋ ಹಲುಬಿದಳು.

ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು ಕಾದಳು. ಆಮೇಲೆ ಗಡಿಯಾರ ನೋಡಿ ಹೇಳಿದಳು, "ಪುಟ್ಟಿ, ಇನ್ನೂ ಇಪ್ಪತ್ತೈದು ನಿಮಿಷ ಇದೆ. ಮೊಬೈಲ್ ತೆಗಿ. ಅಜ್ಜನ ಟೋಪಿ ಬಾವಿಗೇ ಬಿದ್ದಿರ್ಲಿ. ನಂಗೆ ಕೆಲಸಕ್ಕೆ ಬೇಕಾದ್ದು ಹೇಳ್ತೀನಿ, ಹಿಡ್ಕೋ."

ತಂಗಿ ಮೂಗೊರೆಸಿಕೊಂಡು ಮೊಬೈಲ್ ಹಿಡಿದಳು. ಅಕ್ಕ ಕಾರಿನಲ್ಲಿ ಕೂತಂತೆ ಎದುರಿಗೆ ನೋಡುತ್ತ ಕೂತಳು. ಎದುರಿಗಿದ್ದದ್ದು ಬಿಳಿ ನಿಲುವಂಗಿಗಳ ಸಾಲು. "ಕ್ಲಚ್ ಒತ್ತಿ. ನಿಧಾನಕ್ಕೆ ಬಿಡಿ. ಇನ್ನೂ ನಿಧಾನ. ಕನ್ನಡಿ ನೋಡಿ. ಎಡಕ್ಕೆ. ಬಲಕ್ಕೆ. ಬ್ರೇಕ್. ಬ್ರೇಕ್ ಅಂದೆ. ಹೆದರ್ಬೇಡಿ, ನಾನಿದೀನಿ." ಒಂದೊಂದರ ನಡುವೆಯೂ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ದನಿ ಒಡೆದಿದ್ದರೂ ಅದರ ಧಾಟಿ ಒಡೆದಿರಲಿಲ್ಲ. ಹೀಗೆ ಇಪ್ಪತ್ತಮೂರು ಮಾತು ಹೇಳಿದಳು. ಮಗಳಿಗೆ ಏನೂ ಹೇಳುವುದಿಲ್ಲವೇ ಎಂದು ತಂಗಿ ಕೇಳಿದಳು. ಹತ್ತು ವರ್ಷದ ಮಗಳು ಆಗ ಶಾಲೆಯಲ್ಲಿದ್ದಳು. ಅಕ್ಕನ ಬಾಯಲ್ಲಿ ಕೊನೆಗೆ ಬಂದದ್ದು, "ಏಳು ಮರಿ, ಏಳೂವರೆ ಆಯ್ತು" ಎನ್ನುವುದೊಂದು, "ಊಟ ಆಯ್ತಾ" ಎನ್ನುವುದೊಂದು. ಅಷ್ಟಕ್ಕೆ ನರ್ಸ್ ಬಾಗಿಲು ತಟ್ಟಿದಳು.

ಬಟ್ಟೆಕೋಣೆಯಿಂದ ಸ್ಟ್ರೆಚರಿನ ತನಕ ನಡೆಯುವಾಗ ಅಕ್ಕ ಏನೋ ಹೇಳಿದಳು, ಡ್ರಿಪ್ಪಿನ ಕಂಬದ ಗಾಲಿಗಳ ಸದ್ದಿನಲ್ಲಿ ತಂಗಿಗೆ ಕೇಳಿಸಲಿಲ್ಲ. ಏನಂದೆ ಎಂದು ಕೇಳುವಷ್ಟರಲ್ಲಿ ಸ್ಟ್ರೆಚರ್ ಒಳಗೆ ಹೋಗಿ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತ್ತು.

ಅಕ್ಕ ಬದುಕಿದಳು. ಗಡ್ಡೆ ಪೂರ್ತಿ ಹೋಯಿತು. ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಉಳಿಯಿತು, ಅದರ ಮೇಲೆ ತೆಳುವಾದೊಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಸ್ಕ್ರೂ ಮಾವ ಸತ್ತ ಲ್ಯಾಪ್‌ಟಾಪಿನ ಹೊಟ್ಟೆ ಬಗೆದು ನೂರಾ ಮೂವತ್ತೊಂದು ವಾಕ್ಯಗಳನ್ನೂ ಹೊರತೆಗೆದುಕೊಟ್ಟ. ಮಾತಿನ ಹೆಂಗಸು ಒಂದು ವಾರ ಪ್ರಯತ್ನಪಟ್ಟು, ಪ್ರೋಗ್ರಾಂ ಮಾಡಿದವರಿಗೂ ಬರೆದು ಕೇಳಿ, ನೂರೈವತ್ತಿಲ್ಲದೆ ಅದು ದನಿ ಕಟ್ಟಿಕೊಡುವುದಿಲ್ಲ ಎಂದು ಕೈಚೆಲ್ಲಿದಳು. ಮನೆಯಲ್ಲಿ ಅಕ್ಕ ಸ್ಲೇಟಿನ ಮೇಲೆ ಬರೆಯುವುದನ್ನು ರೂಢಿಮಾಡಿಕೊಂಡಳು.

ತಂಗಿಗೆ ಬೇರೊಂದು ಸಂಕಟ ಹತ್ತಿಕೊಂಡಿತು. ಬೆಳಿಗ್ಗೆಯಿಂದಲೇ ಆ ಯಂತ್ರವನ್ನು ಮೂಲೆಗೆಸೆದು ಮೊಬೈಲಿಗೆ ಮಾತಾಡಿಸಿದ್ದರೆ ಅಕ್ಕನ ಮೂರು ಗಂಟೆಯ ಮಾತು ಉಳಿಯುತ್ತಿತ್ತು. ಹಾಡಿಸಬಹುದಿತ್ತು, ನಗಿಸಬಹುದಿತ್ತು. ಇದೇ ಕೊರಗಿನಲ್ಲಿ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟಳು. ಅಕ್ಕ ಸ್ಲೇಟು ತೆಗೆದುಕೊಂಡು, "ಮೂರು ಗಂಟೆ ನಾನೇನು ಮಾತಾಡ್ತಿದ್ದೆ? ನಿನ್ನ ಬಾವನ್ನ ಬೈತಿದ್ದೆ" ಎಂದು ಬರೆದಳು. ಒರೆಸಿ ಮತ್ತೆ ಬರೆದಳು: "ಅವತ್ತು ಹೆದರಿಕೊಳ್ಳೋಕೆ ನೀನು ಪುರುಸೊತ್ತೇ ಕೊಡ್ಲಿಲ್ಲ." ತಂಗಿ ಅದನ್ನು ಓದಿ ಎದ್ದುಹೋಗಿ ಪಾತ್ರೆ ತೊಳೆಯತೊಡಗಿದಳು.

ಮೊಬೈಲಿನಲ್ಲಿ ಹಿಡಿದದ್ದನ್ನು ಅವಳೇ ಕೂತು ತುಂಡು ತುಂಡು ಮಾಡಿ, ಕಾರಿನ ಮುಂದೆ ಸಿಕ್ಕಿಸಿದ ಪರದೆಯಲ್ಲಿ ಒಂದೊಂದು ಮಾತಿಗೂ ಒಂದೊಂದು ಗುಂಡಿ ಇಟ್ಟುಕೊಟ್ಟಳು. ಮಗಳ ಎರಡು ಮಾತು ಮಗಳ ಹತ್ತಿರವೇ ಹೋದವು. ಕತ್ತರಿಸದ ಪೂರ್ತಿ ಇಪ್ಪತ್ತು ನಿಮಿಷವನ್ನು ತಂಗಿ ತನ್ನ ಬಳಿ ಇಟ್ಟುಕೊಂಡಳು. ಅದರಲ್ಲಿ ಮಾತುಗಳ ನಡುವೆ ಅಕ್ಕನ ಏದುಸಿರಿದೆ, ತನ್ನ ಬಿಕ್ಕಳಿಕೆಯಿದೆ, "ಅಳ್ಬೇಡ್ವೇ, ಅದೂ ರೆಕಾರ್ಡ್ ಆಗುತ್ತೆ" ಎಂದು ಒಂದು ಕಡೆ ಅಕ್ಕ ಗದರಿದ್ದೂ ಇದೆ.

ಐದು ತಿಂಗಳಿಗೆ ಅಕ್ಕ ಕೆಲಸಕ್ಕೆ ಮರಳಿದಳು. ಮೊದಲ ದಿನ ಸದ್ದು ಸಾಕಾಗುತ್ತದೋ ಇಲ್ಲವೋ ನೋಡಲು ತಂಗಿ ಹಿಂದಿನ ಸೀಟಿನಲ್ಲಿ ಕೂತಳು. ಕಲಿಯಲು ಬಂದವರು ನಿವೃತ್ತರಾದ ಗಣಿತದ ಮೇಷ್ಟ್ರು. ಎರಡು ಬೀದಿ ಚೆನ್ನಾಗಿಯೇ ಹೋದರು. ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಮೇಷ್ಟ್ರು ಕೈಕಾಲು ಬಿಟ್ಟರು. ಅಕ್ಕನ ಬೆರಳು ಗಡಿಬಿಡಿಯಲ್ಲಿ ಬ್ರೇಕಿನ ಗುಂಡಿಯ ಬದಲು ಪಕ್ಕದ ಗುಂಡಿಗೆ ಬಿತ್ತು. "ಶಾಬಾಸ್, ಹೀಗೇ ಹೋಗಿ" ಎಂದಿತು ಅಕ್ಕನ ದನಿ. ಮೇಷ್ಟ್ರು ವಿಧೇಯರಾಗಿ ಹೋದರು. ಅಕ್ಕ ಕಾಲಡಿಯ ಬ್ರೇಕನ್ನು ತುಳಿಯುವ ಹೊತ್ತಿಗೆ ಕಾರಿನ ಒಂದು ಗಾಲಿ ಫುಟ್‌ಪಾತ್ ಹತ್ತಿತ್ತು. ಸೈಕಲ್ಲಿನವನು ಬೈದುಕೊಂಡು ಹೊರಟುಹೋದ.

ಮೇಷ್ಟ್ರು ಬೆವರೊರೆಸಿಕೊಂಡು, ನೀವೇ ಹೋಗಿ ಅಂದಿರಲ್ಲ ಎಂದರು. ಅಕ್ಕನ ಭುಜ ಕುಲುಕತೊಡಗಿತು. ಸದ್ದಿರಲಿಲ್ಲ. ಕುತ್ತಿಗೆಯ ಬಟ್ಟೆ ಮಾತ್ರ ಪುಟುಪುಟು ಹಾರುತ್ತಿತ್ತು. ಅಳುತ್ತಿದ್ದಾಳೆಂದು ತಂಗಿ ಗಾಬರಿಯಿಂದ ಮುಂದಕ್ಕೆ ಬಾಗಿದಳು. ಅಕ್ಕ ತಿರುಗಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆಮೇಲೆ ಗಾಡಿ ಹಿಂದಕ್ಕೆ ತೆಗೆಯುವಂತೆ ಮೇಷ್ಟರಿಗೆ ಕೈಸನ್ನೆ ಮಾಡಿದಳು.